ಒಡೆದ ಕಾಯಿಯ ಕರೆ

ವಜ್ರಳ್ಳಿಯ ಶಾಂತಾರಾಮನ ಹೆಬ್ಬೆರಳಿಗೆ ಇರುವಷ್ಟು ಕೆಲಸ ಇಡೀ ಯಲ್ಲಾಪುರ ತಾಲೂಕಿನಲ್ಲಿ ಇನ್ಯಾರ ಕೈಗೂ ಇಲ್ಲ ಎಂದು ಅವನ ಹೆಂಡತಿಯ ಅಣ್ಣ ಶಂಕ್ರಪ್ಪ ಹೇಳುತ್ತಿದ್ದ. ಹೊಗಳಿ ಹೇಳುತ್ತಿದ್ದ ಮಾತಲ್ಲ ಅದು. ಈ ಭಾವ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವ ಮೊದಲೇ ಎಂಟು ವಾಟ್ಸಾಪ್ ಗುಂಪುಗಳಿಗೆ ಒಂದು ಸೂರ್ಯ, ಒಂದು ಕಮಲ, ಹೊಗೆಯಾಡುವ ಒಂದು ಲೋಟ ಚಹಾ ಮತ್ತು ಜೋಡಿಸಿದ ಎರಡು ಕೈ ಕಳಿಸಿ ಮುಗಿಸಿರುತ್ತಿದ್ದ. ಅಡಿಕೆ ದರ ಏರಿದರೆ ರಾಕೆಟ್ಟು, ಇಳಿದರೆ ಕಣ್ಣೀರು ಸುರಿಸುವ ಮುಖ. ಸತ್ತವರ ಮನೆಗೆ ಜೋಡಿಸಿದ ಕೈ ಕಳಿಸುವುದರಲ್ಲೂ ಅವನದೊಂದು ಅಳತೆ ಇತ್ತು. ದೊಡ್ಡ ತೋಟದವರು ಸತ್ತರೆ ಹನ್ನೊಂದು ಜೊತೆ ಕೈ, ನಡುಮಟ್ಟದವರಿಗೆ ಐದು. ವರ್ಷವರ್ಷ ಅವನ ತೋಟದಲ್ಲೇ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಬೈರನ ಅಪ್ಪ ಸತ್ತಾಗ ಒಂದೇ ಒಂದು ಜೊತೆ ಹೋಗಿತ್ತು. ಬೈರನ ಮನೆ ಅವನ ಗದ್ದೆಯ ಆಚೆ ಬದಿಗೇ ಇತ್ತು, ನಡೆದು ಹೋಗಿದ್ದರೆ ಐದು ನಿಮಿಷ.

ಫೋನಿನಲ್ಲಿ ಇದ್ದದ್ದು ಸಾಲದೆ, ಜಗತ್ತಿನ ಎಮೋಜಿಗಳೆಲ್ಲ ಪಟ್ಟಿಯಾಗಿ ಒಂದೇ ಕಡೆ ಸಿಗುವ ವೆಬ್‌ಸೈಟೊಂದನ್ನು ಅವನು ಪತ್ತೆ ಮಾಡಿಕೊಂಡಿದ್ದ. ಅಲ್ಲಿ ಹೆಸರು ಹಾಕಿ ಹುಡುಕುವುದು, ಒತ್ತಿ ಹಿಡಿದು ನಕಲು ತೆಗೆಯುವುದು, ಇಲ್ಲಿ ತಂದು ಅಂಟಿಸುವುದು. ಎತ್ತು ಬೇಕೆಂದರೆ ಎತ್ತು, ಏಡಿ ಬೇಕೆಂದರೆ ಏಡಿ. ಸೊಸೈಟಿಯ ಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ಇದನ್ನು ಪಾಠ ಹೇಳಿಯೂ ಕೊಡುತ್ತಿದ್ದ. ಅಂಥವನಿಗೆ ಮಾತು ಬರುವುದಿಲ್ಲವೆಂದಲ್ಲ. ಮಾತಾಡಿದರೆ ಎದುರಿನವನು ಉತ್ತರ ಕೊಟ್ಟಾನು, ಕೂತಾನು, ಚಹಾ ಕುಡಿದು ತನ್ನ ಕಷ್ಟವನ್ನೂ ಹೇಳಿಕೊಂಡಾನು. ಗೊಂಬೆ ಕಳಿಸಿದರೆ ಆ ತಾಪತ್ರಯವಿಲ್ಲ. ಗೊಂಬೆ ಎನ್ನುವುದು ಶಂಕ್ರಪ್ಪ ಅವಕ್ಕೆ ಇಟ್ಟ ಹೆಸರು.

ಶಂಕ್ರಪ್ಪ ಸಿದ್ದಾಪುರದ ಕಡೆಯ ಮನ್ಮನೆಯವನು. ಅಲ್ಲಿ ಕೂತವನಿಗೆ ವಜ್ರಳ್ಳಿಯ ಗೊಂಬೆ ಸೂರ್ಯ ಮೂಡಿದರೇನು, ಬಿಟ್ಟರೇನು. ನಕ್ಕು ಸುಮ್ಮನಾಗುತ್ತಿದ್ದ. ಆದರೆ ರಕ್ಷಿತಾಳ ಮದುವೆ ನಿಶ್ಚಯವಾದ ಮೇಲೆ ಮಾತು ಬೇರೆಯಾಯಿತು.

ರಕ್ಷಿತಾ ಅವನ ತಂಗಿ ಮಾದೇವಿಯ ಮಗಳು. ಮಾದೇವಿ ತೀರಿಕೊಂಡು ಎಂಟು ವರ್ಷ. ತಾಯಿ ಹೋದ ಮೇಲೆ ಹುಡುಗಿ ಎರಡು ವರ್ಷ ಮನ್ಮನೆಯಲ್ಲೇ ಉಳಿದು ಸಿದ್ದಾಪುರದ ಕಾಲೇಜಿಗೆ ಹೋಗಿದ್ದಳು. ಶಂಕ್ರಪ್ಪನಿಗೆ ಇಬ್ಬರೂ ಗಂಡುಮಕ್ಕಳು. ಮನೆಯಲ್ಲಿ ತನ್ನ ಮೇಲೆ ದಬಾಯಿಸುವ ಒಂದು ಹೆಣ್ಣುಮಗು ಇದ್ದರೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಾದದ್ದು ಆ ಎರಡು ವರ್ಷಗಳಲ್ಲೇ. ದಿನಾ ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಬಸ್ಸಿನವರೆಗೆ ಬಿಡುತ್ತಿದ್ದ. ಬಸ್ಸು ತಪ್ಪಿದ ದಿನ ಅವಳು ಅವನನ್ನೇ ಬಯ್ಯುತ್ತಿದ್ದಳು, ಅವನು ಬೈಸಿಕೊಂಡು ಸಿದ್ದಾಪುರದವರೆಗೂ ಹೋಗುತ್ತಿದ್ದ. ಈಗ ಅವಳು ಯಲ್ಲಾಪುರದ ಒಂದು ಶಾಲೆಯಲ್ಲಿ ಟೀಚರು. ಹುಡುಗ ಶಿರಸಿಯವನು, ಸುಹಾಸ ಎಂದು ಹೆಸರು. ಮದುವೆ ಶಿರಸಿಯ ಕಲ್ಯಾಣಮಂಟಪವೊಂದರಲ್ಲಿ.

ಅವರ ಜನದಲ್ಲಿ ಮದುವಣಗಿತ್ತಿಯನ್ನು ಕೋಣೆಯಿಂದ ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಅಪ್ಪನಲ್ಲ, ಅಣ್ಣನಲ್ಲ. ಅದಕ್ಕೇ ಮದುವೆಯ ಮೊದಲ ಕರೆ ಅವನ ಮನೆಗೆ ಹೋಗಬೇಕು. ಹುಡುಗಿಯ ಅಪ್ಪ ತಾನೇ ಬಂದು, ಹರಿವಾಣದಲ್ಲಿ ಎಲೆ, ಅಡಿಕೆ, ಒಂದು ಇಡೀ ತೆಂಗಿನಕಾಯಿ ಇಟ್ಟು, 'ನಿಮ್ಮ ಹುಡುಗಿಯನ್ನು ನೀವೇ ಬಂದು ಎಬ್ಬಿಸಿಕೊಡಬೇಕು' ಎಂದು ಕೇಳಬೇಕು. ಮಾದೇವಿ ಇಲ್ಲದ ಈ ಮದುವೆಯಲ್ಲಿ ತಾಯಿಯ ಕಡೆ ಎಂದು ಇದ್ದದ್ದು ಶಂಕ್ರಪ್ಪನ ಆ ಒಂದು ಕೈ ಮಾತ್ರ. ಅವನಿಗೆ ಅದರ ಆಸೆ ಎಷ್ಟಿತ್ತೆಂದರೆ, ನಿಶ್ಚಯದ ಮಾರನೆಯ ದಿನವೇ ಶಿರಸಿಗೆ ಹೋಗಿ ಅಂಚಿನ ಪಂಚೆ, ಶಲ್ಯ ತಂದಿದ್ದ. ಹೆಂಡತಿ ರಾಜೀವಿಗೆ ಹೇಳಿ ಜಗಲಿಯ ಗೋಡೆಗೆ ಸುಣ್ಣ ಹೊಡೆಸಿದ್ದ. ಭಾವ ಬಂದರೆ ಕೂರಿಸಲು ಹೊಸ ಚಾಪೆ ಬಂತು. ಮೂರು ವಾರ ಕಾದ.

ಒಂದು ಮಂಗಳವಾರ ಅವನು ಎಮ್ಮೆಯ ಮೈ ತೊಳೆಯುತ್ತಿದ್ದಾಗ ಫೋನು ಟಿಣ್ ಎಂದಿತು. ಕೈ ಒರೆಸಿಕೊಂಡು ನೋಡಿದರೆ ಭಾವನ ಗೊಂಬೆಗಳು. ಒಂದು ಕಾಯಿ, ಕಂದು ಬಣ್ಣದ ಒಂದು ಬೀಜ, ಎರಡು ಹಸಿರು ಎಲೆ, ಜೋಡಿಸಿದ ಕೈ ಇಪ್ಪತ್ತೊಂದು ಜೊತೆ. ಕೆಳಗೆ ಮದುವೆ ಕಾರ್ಡಿನ ಫೋಟೋ. ಇದೆಂಥದು ಎಂದು ಅವನು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ ಶಾಂತಾರಾಮನ ಫೋನು ಬಂತು.

"ಭಾವಾ, ಬಂತಾ?"

"ಎಂತ ಬರೂಕೆ?"

"ಕರೆ ಮಾರಾಯಾ! ಮೊದಲ್ನೇ ಕರೆ ನಿಂಗೇ. ಇನ್ನೂ ಯಾರಿಗೂ ಕಳಿಸ್ಲಿಲ್ಲ. ಎಲೆ, ಅಡಿಕೆ, ಕಾಯಿ, ಎಲ್ಲಾ ಇಟ್ಟೇ ಕರ್ದಿದ್ದೆ, ಸಮಾ ನೋಡು. ಆ ಅಡಿಕೆ ಹುಡುಕೂಕೇ ಒಂದು ತಾಸು ಹೋಯ್ತು."

"ನೀ ಬರೂದಿಲ್ವಾ ಹಂಗಾರೆ?"

"ಎಲ್ಲಿ ಪುರಸೊತ್ತು ಭಾವಾ? ನಾನೂರು ಮನೆ ಕರೆ ಉಂಟು. ಮನ್ಮನೆಗೆ ಬಂದು ಹೋಗೂಕೆ ಒಂದಿನ ಪೂರಾ ಬೇಕು. ಈಗೆಲ್ಲ ಹಿಂಗೇ ಅಲ್ದಾ? ರೂಢಿ ಏನೂ ಬಿಡ್ಲಿಲ್ಲ ನೋಡು ನಾನು!"

ಆ ಕೊನೆಯ ಮಾತಿನಲ್ಲಿದ್ದ ಹೆಮ್ಮೆಗೆ ಶಂಕ್ರಪ್ಪನ ನೆತ್ತಿ ಉರಿಯಿತು. ಬಾರದೆ ಇದ್ದದ್ದಕ್ಕಿಂತ, ಬಂದಂತೆಯೇ ಆಯಿತೆಂದು ಆ ಮನುಷ್ಯ ನಂಬಿಕೊಂಡದ್ದು ಅವನಿಗೆ ಹೆಚ್ಚು ಸಿಟ್ಟು ತಂದಿತು. ಫೋನು ಇಟ್ಟವನೇ ಎಮ್ಮೆಯನ್ನು ಅರ್ಧ ತೊಳೆದಲ್ಲಿಗೇ ಬಿಟ್ಟು ಸ್ಕೂಟರು ಹತ್ತಿದ.

ಸಿದ್ದಾಪುರದ ಪೇಟೆಯಲ್ಲಿ ಹನೀಫ್ ಮೊಬೈಲು ರಿಪೇರಿ ಮಾಡುತ್ತಾನೆ. ನಲವತ್ತು ದಾಟಿದ, ಎಷ್ಟು ಬೇಕೋ ಅಷ್ಟೇ ಮಾತಾಡುವ ಮನುಷ್ಯ. ಶಂಕ್ರಪ್ಪ ಫೋನನ್ನು ಅವನ ಮೇಜಿನ ಮೇಲೆ ಇಟ್ಟು ಬೆರಳು ತೋರಿಸಿದ.

"ಇದು ಅಡಿಕೆಯೇನೋ ಹನೀಫ?"

ಹನೀಫ್ ಆ ಬೀಜವನ್ನು ತನ್ನ ಕಂಪ್ಯೂಟರಿಗೆ ದಾಟಿಸಿ ಹುಡುಕಿದ. "ಅಲ್ಲ ಶಂಕ್ರಪ್ಪಣ್ಣ. ಚೆಸ್ಟ್‌ನಟ್ ಅಂತೆ. ಚಳಿ ದೇಶದ ಯಾವ್ದೋ ಮರದ ಬೀಜ. ಸುಟ್ಕಂಡು ತಿಂತಾರಂತೆ."

"ಎಲೆ?"

"ಗಾಳಿಗೆ ಹಾರೂ ಎಲೆ ಅಂತ ಬರ್ದಿದ್ದಾರೆ. ಯಾವ ಮರದ್ದು ಅಂತ ಇಲ್ಲ."

"ವೀಳ್ಯದೆಲೆ ಹುಡುಕು. ಅಡಿಕೆ ಹುಡುಕು."

ಹನೀಫ್ ಹುಡುಕಿದ. ಒಂದು ಪುಟ ಬಿಟ್ಟು ಇನ್ನೊಂದು ತೆರೆದ. ಮಾವಿನಹಣ್ಣು ಬಂತು, ಅನಾನಸು ಬಂತು, ಎಂಟು ಕಾಲಿನ ಕಡಲ ಪ್ರಾಣಿ ಬಂತು, ಬಸವನಹುಳ ಬಂತು, ಕಸದ ಬುಟ್ಟಿಯೂ ಬಂತು. ಹೇತ ಹೇಲಿಗೂ ಒಂದು ಗೊಂಬೆ ಇತ್ತು, ಅದಕ್ಕೆ ಕಣ್ಣು, ಮೇಲೊಂದು ನಗು. ಅಡಿಕೆ ಇರಲಿಲ್ಲ. ಮೂರು ತಾಲೂಕಿನ ಜನ ಯಾವುದನ್ನು ತಿಂದು, ಮಾರಿ, ದೇವರ ಮುಂದಿಟ್ಟು, ಸತ್ತವರ ಬಾಯಿಗೂ ಇಟ್ಟು ಬದುಕುತ್ತಾರೋ ಆ ಒಂದು ಕಾಯಿಯನ್ನು ಈ ಗೊಂಬೆ ಮಾಡುವ ಘನಪಂಡಿತರು ಕಂಡೇ ಇರಲಿಲ್ಲ. ಸ್ವತಃ ಎರಡು ಎಕರೆ ಅಡಿಕೆ ತೋಟ ಇಟ್ಟುಕೊಂಡ ಶಾಂತಾರಾಮ ಅದು ಅಡಿಕೆಯಲ್ಲವೆಂದು ನೋಡಿಯೂ, ಇದ್ದುದರಲ್ಲಿ ಸಮೀಪದ್ದನ್ನು ಎತ್ತಿ ಶಂಕ್ರಪ್ಪನ ಹರಿವಾಣಕ್ಕೆ ಹಾಕಿದ್ದ.

"ಕಾಯಿ ಮಾತ್ರ ಸರಿ ಇದೆ," ಎಂದ ಹನೀಫ್, ಸಮಾಧಾನಕ್ಕೆ. "ತೆಂಗಿನಕಾಯಿಯೇ ಇದು."

ಶಂಕ್ರಪ್ಪ ಬಗ್ಗಿ ನೋಡಿದ. ಅಂಗೈ ಅಗಲ ದೊಡ್ಡದು ಮಾಡಿಸಿ ನೋಡಿದ. ಕಾಯಿ ಒಡೆದಿತ್ತು. ಒಳಗಿನ ಬಿಳಿ ತಿರುಳು ಕಾಣುತ್ತಿತ್ತು. ಮದುವೆಗೆ ಕರೆಯುವಾಗ ಜುಟ್ಟು ಸಮೇತ ಇಡೀ ಕಾಯಿ ಇಡುತ್ತಾರೆ. ಒಡೆದ ಹೋಳು ಇಡುವುದು ಸಾವಿನ ಮನೆಯಲ್ಲಿ ಎಂದು ಊರಿನ ಮಕ್ಕಳಿಗೂ ಗೊತ್ತು. ಮಾದೇವಿ ಬದುಕಿದ್ದರೆ ಆ ಫೋನನ್ನು ಗಂಡನ ಕೈಯಿಂದ ಕಿತ್ತುಕೊಂಡು ಹಿತ್ತಲಿಗೆ ಎಸೆಯುತ್ತಿದ್ದಳು. ಅವಳ ನೆನಪಾಗಿ ಶಂಕ್ರಪ್ಪನಿಗೆ ಅಂಗಡಿಯಲ್ಲೇ ಅಳು ಬಂದಂತಾಯಿತು. ಅಳು ಬಂದರೆ ಸಿಟ್ಟು ಮಾಡುವುದು ಅವನ ಅಭ್ಯಾಸ.

"ಹನೀಫಾ, ಮುದುಕನ ಗೊಂಬೆ ಉಂಟಾ ನೋಡು."

ಇತ್ತು. ಬೋಳು ತಲೆ, ಕಿವಿಯ ಪಕ್ಕ ಎರಡು ಮುಷ್ಟಿ ಬಿಳಿ ಕೂದಲು.

"ಇದನ್ನ ಅವಂಗೆ ಕಳಿಸು. ಕೆಳಗೆ ಬರಿ: ಸೋದರಮಾವ ಬಂದ. ಮಣೆ ಹಾಕಿ ಕೂರಿಸು."

ಹನೀಫ್ ಕೈ ಹಿಂದೆ ತೆಗೆದ. "ಬೇಡ ಶಂಕ್ರಪ್ಪಣ್ಣ. ಅವ್ರಿಗೆ ತಿಳೀಲಿಲ್ಲ ಅಷ್ಟೇ. ಒಂದು ಫೋನ್ ಮಾಡಿ, ನೀ ಬಂದೇ ಕರೀಬೇಕು ಅಂತ ಸೀದಾ ಹೇಳಿ. ಬರ್ತಾರೆ."

"ಕೇಳಿ ಕರೆಸ್ಕಳೂದಕ್ಕೆ ನಾ ಎಂತ ಭಿಕ್ಷುಕನಾ? ನೀ ಕಳಿಸು."

ಹನೀಫ್ ಕಳಿಸಲಿಲ್ಲ. ಎಲ್ಲಿ ಒತ್ತಬೇಕೆಂದು ತೋರಿಸಿ ಫೋನನ್ನು ಅವನ ಕೈಗೇ ಕೊಟ್ಟ. ಶಂಕ್ರಪ್ಪ ತಾನೇ ಒತ್ತಿದ. ಮನೆಗೆ ಬರುವ ದಾರಿಯುದ್ದಕ್ಕೂ ತಾನು ಎಂಥ ಏಟು ಕೊಟ್ಟೆ ಎಂದು ಒಬ್ಬನೇ ನಗುತ್ತಿದ್ದ. ಗೊಂಬೆ ಕಳಿಸುವವರನ್ನು ಆಡಿಕೊಳ್ಳುತ್ತಿದ್ದವನಿಗೆ ಅದರ ರುಚಿ ಒಂದೇ ಸಲಕ್ಕೆ ಹತ್ತಿತ್ತು.

ಎರಡು ದಿನ ಬಿಟ್ಟು ರಕ್ಷಿತಾ ಫೋನು ಮಾಡಿದಳು.

"ಮಾವಾ, ಅಪ್ಪಂಗೆ ಅದೆಲ್ಲ ಗೊತ್ತಾಗೂದಿಲ್ಲ. ಅಮ್ಮ ಇದ್ದಿದ್ರೆ ಹೇಳ್ತಿತ್ತು. ನೀ ಕಳ್ಸಿದ್ದು ನೋಡಿ ಅಪ್ಪ ಎರಡು ದಿನ ಯಾವ ಗ್ರೂಪಿಗೂ ಎಂತದೂ ಹಾಕ್ಲಿಲ್ಲ ಗೊತ್ತಿತ್ತಾ?"

"ಊರಿಗೆ ಉಪಕಾರ ಆಯ್ತು."

"ತಮಾಷೆ ಅಲ್ಲ ಮಾವ. ನಾ ಕರೀತಾ ಇದ್ದೆ. ನೀ ಬಂದು ನನ್ನ ಎಬ್ಬಿಸ್ಬೇಕು. ಸಾಕಾ?"

"ಕರಿಯೂದು ನಿನ್ನ ಕೆಲಸ ಅಲ್ಲ ಮಗಾ. ನಿನ್ನ ಅಪ್ಪ ಬರ್ಲಿ, ಎಲೆ ಅಡಿಕೆ ಇಡ್ಲಿ. ನಾ ಅವತ್ತೇ ಹೊರಡ್ತೆ."

"ಅಪ್ಪಂಗೂ ಈಗ ಹಟ ಬಂದದೆ. 'ಮುಖದ ಮೇಲೆ ಹೊಡ್ದ ಹಾಗೆ ಮಾಡಿದವನ ಮನಿ ಮೆಟ್ಲು ಹೆಂಗೆ ಹತ್ಲಿ' ಅಂತಾರೆ. ನಿಮ್ಮಿಬ್ರ ಮಧ್ಯ ನಾ ಎಂತ ಮಾಡ್ಲಿ ಹೇಳು?"

ಅವಳ ಪ್ರಶ್ನೆ ಶಂಕ್ರಪ್ಪನಿಗೆ ಕೇಳಿಸಿತ್ತು, ಅದಕ್ಕೆ ಉತ್ತರವೂ ಗೊತ್ತಿತ್ತು. ಆದರೆ ಉತ್ತರ ಕೊಟ್ಟರೆ ಭಾವ ಗೆದ್ದ ಹಾಗಾಗುತ್ತದೆ. ಮದುವೆ ಎನ್ನುವುದು ಅಷ್ಟರಲ್ಲಿ ಇಬ್ಬರು ಬೆಳೆದ ಗಂಡಸರು ಹಗ್ಗ ಜಗ್ಗುವ ಆಟವಾಗಿತ್ತು, ಹಗ್ಗದ ಜಾಗದಲ್ಲಿ ಆ ಹುಡುಗಿ ಇದ್ದಳು.

ರಾಜೀವಿ ಬಯ್ದು ನೋಡಿದಳು, ಊಟ ಬಡಿಸದೆ ನೋಡಿದಳು. ಮದುವೆಯ ಹಿಂದಿನ ದಿನ ಸೀರೆ ಉಟ್ಟು ಚೀಲ ಹಿಡಿದು ಹೊರಟೇಬಿಟ್ಟಳು.

"ನಿಮ್ಗೆ ಎಲೆ ಅಡಿಕೆ ಬೇಕು, ನಂಗೆ ಹುಡುಗಿ ಬೇಕು. ನಾ ಹೋಗ್ತೆ."

"ಹೋಗು. ನಾಳೆ ನಂಗೆ ಕಾರು ಬರ್ತದೆ ನೋಡ್ತಾ ಇರು. ಸೋದರಮಾವ ಇಲ್ದೆ ಹುಡುಗಿ ಕೋಣೆಯಿಂದ ಹೊರಗೆ ಬರೂದು ಹೆಂಗೆ?"

"ಕಾಲಲ್ಲಿ ನಡ್ಕಂಡು ಬರ್ತಾಳೆ," ಎಂದಳು ರಾಜೀವಿ. ಅವಳು ಅದನ್ನು ಸಿಟ್ಟಿನಲ್ಲಿ ಹೇಳಿದ್ದಳು.

ಮದುವೆಯ ದಿನ ಶಂಕ್ರಪ್ಪ ಸ್ನಾನ ಮಾಡಿ, ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಜಗಲಿಯ ಹೊಸ ಚಾಪೆಯ ಮೇಲೆ ತಾನೇ ಕೂತ. ಫೋನು ತೊಡೆಯ ಮೇಲೆ. ಮುಹೂರ್ತ ಹನ್ನೆರಡೂಕಾಲಿಗೆ. ಎಂಟು ಗಂಟೆಯ ಬಸ್ಸು ಹೋಯಿತು, ಒಂಬತ್ತೂವರೆಯದೂ ಹೋಯಿತು. ಹೋಗಲಿ, ಕಾರು ಬರುತ್ತದೆ. ಕಾರಿನಲ್ಲಿ ಭಾವನೇ ಬರುತ್ತಾನೆ, ಬೆವರು ಒರೆಸಿಕೊಳ್ಳುತ್ತ ಕೈ ಜೋಡಿಸುತ್ತಾನೆ, ಇಪ್ಪತ್ತೊಂದು ಜೊತೆಯಲ್ಲ, ಅವನ ಸ್ವಂತದ ಒಂದು ಜೊತೆ. ಆಗ ತಾನು ಸ್ವಲ್ಪ ಹೊತ್ತು ಮುಖ ತಿರುಗಿಸಿ ಕೂತು ಆಮೇಲೆ ಏಳಬೇಕು. ಏನು ಹೇಳಬೇಕು ಎನ್ನುವುದನ್ನೂ ಮನಸ್ಸಿನಲ್ಲಿ ಹತ್ತಾರು ಸಲ ಹೇಳಿಕೊಂಡಿದ್ದ. ನಾಯಿಯೊಂದು ಬಂದು ಮೆಟ್ಟಿಲ ಹತ್ತಿರ ಮಲಗಿತು. ಕಾರು ಬರಲಿಲ್ಲ.

ಹತ್ತೂಮುಕ್ಕಾಲಿಗೆ ಫೋನು ಬಂತು. ಭಾವನದಲ್ಲ, ರಕ್ಷಿತಾಳದು.

"ಮಾವಾ, ಎಲ್ಲಿದ್ಯಾ? ಹೊರಟ್ಯಾ?" ಹಿಂದೆ ವಾಲಗದ ಸದ್ದು. "ನಾ ತಯಾರಾಗಿ ಕೂತಿದ್ದೆ. ಶಿರಸಿ ಮುಟ್ಟಿದ್ಯಾ?"

ಹೊರಟೆ ಮಗಾ ಎಂದಿದ್ದರೆ ಆಗುತ್ತಿತ್ತು. ಎರಡು ಶಬ್ದ. ಆದರೆ ಭಾವನಿಗೆಂದು ಅಷ್ಟು ದಿನದಿಂದ ಹುರಿ ಮಾಡಿಟ್ಟುಕೊಂಡ ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು, ಯಾರ ಫೋನು ಎಂದು ಅದು ನೋಡಲಿಲ್ಲ.

"ನಾ ಅವತ್ತೇ ಬಂದಿದ್ನಲ್ಲೇ. ನಿನ್ನ ಅಪ್ಪನ ಫೋನಲ್ಲಿ ಕೂತಿದ್ದೆ, ನೋಡ್ಲಿಲ್ವಾ?"

ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಹೌದು ಮಾವ. ನೋಡಿದ್ದೆ," ಎಂದಳು. ಫೋನು ನಿಂತಿತು.

ಶಂಕ್ರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಜಗಳ ಮಾಡುತ್ತಾಳೆ, ಕಾಲೇಜಿನ ದಿನಗಳ ಹಾಗೆ ಬಯ್ಯುತ್ತಾಳೆ, ಆಗ ತಾನು ಸೋತು ಎದ್ದು ಹೋಗಬಹುದು ಎಂದುಕೊಂಡಿದ್ದ. ಅವಳು ಬಯ್ಯಲಿಲ್ಲ. ತಿರುಗಿ ಫೋನು ಮಾಡಿದ, ಎತ್ತಲಿಲ್ಲ. ರಾಜೀವಿಗೆ ಮಾಡಿದ, ಆ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ. ಶಿರಸಿಯವರೆಗೆ ಹೋಗುವಷ್ಟು ಪೆಟ್ರೋಲು ಸ್ಕೂಟರಿನಲ್ಲಿ ಇರಲಿಲ್ಲ. ಜಗಲಿಯಿಂದ ಇಳಿದು, ಮತ್ತೆ ಹತ್ತಿ, ಹನೀಫನಿಗೆ ಫೋನು ಮಾಡಿ, "ಗಾಡಿ ತಗಂಡು ಬಾರೋ, ನಿನ್ನ ಕೈ ಮುಗೀತೆ," ಎಂದ.

ಹನೀಫ್ ಅಂಗಡಿಯ ಬಾಗಿಲು ಎಳೆದು ತನ್ನ ಹಳೆಯ ಓಮ್ನಿ ತಂದ. ಬರುವಷ್ಟರಲ್ಲಿ ಹನ್ನೊಂದೂಕಾಲು. ಬೇಡ ಎಂದು ಹೇಳಿದ್ದೆನಲ್ಲ ಎಂದು ದಾರಿಯಲ್ಲಿ ಅವನು ಅನ್ನಲಿಲ್ಲ. ಶಂಕ್ರಪ್ಪ ಎದುರಿನ ಗಾಜಿಗೆ ಮುಖ ಹಚ್ಚಿ ಕೂತಿದ್ದ. ಕಟ್ಟಿಗೆ ತುಂಬಿದ ಲಾರಿಯೊಂದು ತಿರುವುಗಳಲ್ಲಿ ದಾರಿ ಬಿಡದೆ ಮುಂದೆ ಹೋಗುತ್ತಿತ್ತು, ಅವನು ಅದರ ಡ್ರೈವರನ ಮೂರು ತಲೆಮಾರಿಗೆ ಶಾಪ ಹಾಕಿದ. ಶಿರಸಿಯ ಕಲ್ಯಾಣಮಂಟಪದ ಬಾಗಿಲಿಗೆ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನೆಲದ ತುಂಬ ಅಕ್ಷತೆ ಬಿದ್ದಿತ್ತು, ಜನ ಅದನ್ನು ತುಳಿದುಕೊಂಡು ಊಟದ ಮನೆಯ ಕಡೆ ಹೋಗುತ್ತಿದ್ದರು.

ರಾಜೀವಿ ಕಂಬದ ಹತ್ತಿರ ನಿಂತಿದ್ದಳು. ಗಂಡನನ್ನು ನೋಡಿ ಅವಳ ಮುಖದಲ್ಲಿ ಸಿಟ್ಟೂ ಬರಲಿಲ್ಲ.

"ಯಾರು ಎಬ್ಬಿಸಿದ್ರು?" ಎಂದು ಅವನು ಕೇಳಿದ.

"ಯಾರೂ ಇಲ್ಲ. ಭಟ್ರು ಎರಡು ಸಲ ಕೂಗಿದ್ರು, ಸೋದರಮಾವ ಎಲ್ಲಿ ಅಂತ. ಭಾವ ಬಾಗಿಲಿಗೆ ಹೋಗಿ ರಸ್ತೆ ನೋಡ್ತಾ ನಿಂತಿದ್ರು, ಕಣ್ಣಲ್ಲಿ ನೀರು. ಅವಳ ದೊಡ್ಡಪ್ಪನ ಮಗ ಕೈ ಹಿಡಿಯೂಕೆ ಹೋದ. ಬೇಡ ಅಂದ್ಳು. 'ನನ್ನ ಮಾವ ಆಗ್ಲೇ ಬಂದಾಗಿದೆ' ಅಂದ್ಳು. ಒಬ್ಳೇ ಎದ್ದು, ಸೆರಗು ಸಮಾ ಮಾಡ್ಕಂಡು, ಅಷ್ಟೂ ಜನರ ನಡುವೆ ಒಬ್ಳೇ ನಡ್ಕಂಡು ಹೋದ್ಳು."

ಶಾಂತಾರಾಮ ಊಟದ ಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. ಶಂಕ್ರಪ್ಪನನ್ನು ಕಂಡು ಅವನ ಕೈ ಅರ್ಧಕ್ಕೆ ನಿಂತಿತು, ಆಮೇಲೆ ಅವನು ಕೆಳಗೆ ನೋಡಿದ. ಗೆದ್ದವರು ಅಲ್ಲಿ ಯಾರೂ ಇರಲಿಲ್ಲ. ಶಂಕ್ರಪ್ಪ ಅವನನ್ನು ದಾಟಿ ವೇದಿಕೆಯ ಕಡೆ ನಡೆದ. ಅಲ್ಲಿ ಮದುಮಕ್ಕಳಿಗೆ ಹಾರೈಸುವವರ ಸಾಲು ಇತ್ತು. ಸೋದರಮಾವನಿಗೆ ಸಾಲು ಇರುವುದಿಲ್ಲ. ಆದರೂ ಅವನು ಸಾಲಿನ ಕೊನೆಗೆ ಹೋಗಿ ನಿಂತ, ಅವನ ಮುಂದೆ ಯಲ್ಲಾಪುರದ ಶಾಲೆಯ ಗುಮಾಸ್ತರೊಬ್ಬರು ಇದ್ದರು.

ಹೇಳಬೇಕಾದ ಮಾತುಗಳನ್ನು ಅವನು ಹುಡುಕಿದ. ತಪ್ಪಾಯ್ತು ಮಗಾ ಎಂದು ಒಂದು ಸಲ ತನ್ನಷ್ಟಕ್ಕೇ ಹೇಳಿ ನೋಡಿದ. ಗುಮಾಸ್ತರು ಮದುಮಕ್ಕಳ ಮೇಲೆ ಅಕ್ಷತೆ ಹಾಕಿದರು. ರಕ್ಷಿತಾ ಬಗ್ಗಿ ಅವರ ಕಾಲು ಮುಟ್ಟಿ, ನಕ್ಕು, "ಊಟ ಮಾಡ್ಕಂಡೇ ಹೋಗಿ," ಎಂದಳು. ಅವರು ಪಕ್ಕಕ್ಕೆ ಸರಿದರು.

ಶಂಕ್ರಪ್ಪ ಎದುರಿಗೆ ಬಂದ. ಅವಳು ಅವನ ಮುಖ ನೋಡಿದಳು, ಅವನ ಹೊಸ ಶಲ್ಯ ನೋಡಿದಳು. ಬಗ್ಗಿ ಅವನ ಕಾಲನ್ನೂ ಮುಟ್ಟಿದಳು. ಎದ್ದು ನಿಂತು, ಗುಮಾಸ್ತರಿಗೆ ನಕ್ಕಷ್ಟೇ ನಕ್ಕು, "ಊಟ ಮಾಡ್ಕಂಡೇ ಹೋಗಿ," ಎಂದಳು, ಮತ್ತು ಅವನ ಹಿಂದೆ ನಿಂತಿದ್ದವರ ಕಡೆ ತಿರುಗಿದಳು.